ಮನಶ್ಚಿಕಿತ್ಸಕರ ಅಧಿಕಾರವಿಚಾರ

೧. ವಿಷಯ

ದೇಹದ ರೋಗಕ್ಕೆ ಔಷಧವನ್ನು ಕೊಡುವವನು ಎಂತಹ ಶಿಕ್ಷಣವನ್ನು ಪಡೆದಿರಬೇಕೆಂಬುದನ್ನು ರಾಜ್ಯದ ಕಟ್ಟಳೆಯಿಂದ ಗೊತ್ತುಮಾಡುವ ಪದ್ಧತಿ ಅನೇಕ ದೇಶಗಳಲ್ಲಿ ಹಿಂದಿನಿಂದ ನಡೆದುಬಂದಿದೆ. ಮನಸ್ಸಿನ ರೋಗಕ್ಕೆ ಚಿಕಿತ್ಸೆ ಮಾಡುವವನ ವಿಷಯದಲ್ಲಿ ಅಂತಹ ನಿರ್ಣಯವು ತೀರ ಈಚಿನದು. ಭಾರತದಲ್ಲಿ ೨೦೧೭ರ ಮಾನಸಿಕ ಆರೋಗ್ಯರಕ್ಷಣಾ ಅಧಿನಿಯಮವು ಈ ವೃತ್ತಿಯವರಲ್ಲಿ ಯಾರು ಯಾರೆಂಬುದನ್ನು ಹೆಸರು ಹೇಳಿ, ಒಬ್ಬೊಬ್ಬರಿಗೂ ಲಕ್ಷಣವನ್ನು ಕಟ್ಟಿತು. ಆ ಲಕ್ಷಣವಾಕ್ಯಗಳಲ್ಲಿ ಎರಡು ಕಡೆ ಒಂದು ವಿಶೇಷಣವು ಬಂದಿದೆ. ಪದವಿಯನ್ನು ಕೊಡುವ ಪಾಠಕ್ರಮವು ಪೂರ್ಣಾವಧಿಯ ಎರಡು ವರ್ಷಗಳದಾಗಿರಬೇಕು, ಮತ್ತು ಅದು 'ಮೇಲ್ವಿಚಾರಣೆಗೆ ಒಳಪಟ್ಟ ಕ್ಲಿನಿಕಲ್ ಶಿಕ್ಷಣ'ವನ್ನು ಒಳಗೊಂಡಿರಬೇಕು ಎಂಬುದೇ ಆ ವಿಶೇಷಣ.

ಈ ಪತ್ರಿಕೆಯನ್ನು ಓದುವವರಿಗೆ ಶಾಸನವೆಂದೊಡನೆ ಶಿಲೆ ತಾಮ್ರಪಟಗಳ ನೆನಪಾಗುವುದು ಸಹಜ. ಅಕ್ಷರಗಳು ಸವೆದ ಕಲ್ಲಿನಲ್ಲಿ ಒಂದು ಪದವು ಯಾವುದಕ್ಕೆ ಅನ್ವಯಿಸುತ್ತದೆಂಬುದರ ಮೇಲೆ ಒಂದು ಊರಿನ ದತ್ತಿಯೇ ನಿಂತಿರುವುದುಂಟು. ವಿಧಾನಮಂಡಲಗಳು ರಚಿಸುವ ಶಾಸನಗಳಲ್ಲಿಯೂ ಸ್ಥಿತಿಯು ಹಾಗೆಯೇ. ಮೇಲೆ ಹೇಳಿದ ವಿಶೇಷಣವು ವಾಕ್ಯದ ಯಾವ ಭಾಗಕ್ಕೆ ಅನ್ವಯಿಸುತ್ತದೆ, ಅದು ವಿಧಿಯೋ ಅನುವಾದಮಾತ್ರವೋ, ಅದರೊಡನೆ ಹೇಳಿದ ಪದವಿಯು ನಿಂತುಹೋದರೆ ಅದೂ ನಿಲ್ಲುತ್ತದೆಯೋ ಎಂಬ ಪ್ರಶ್ನೆಗಳು ಕೇವಲ ವ್ಯಾಕರಣದ ಪ್ರಶ್ನೆಗಳಲ್ಲ. ಅವುಗಳ ಉತ್ತರದ ಮೇಲೆ, ಮತಿವಿಕಲನಾದ ಮನುಷ್ಯನ ಎದುರಿಗೆ ಯಾರು ಕುಳಿತುಕೊಳ್ಳಬಹುದೆಂಬುದು ನಿಂತಿದೆ.

'ಕ್ಲಿನಿಕಲ್' ಎಂಬ ಪದಕ್ಕೆ ಹಾಸಿಗೆಯೆಂಬ ಅರ್ಥದ ಗ್ರೀಕ್ ಶಬ್ದವು ಮೂಲ. ರೋಗಿಯ ಹಾಸಿಗೆಯ ಬಳಿಯಲ್ಲಿ ಕಲಿತುಕೊಳ್ಳುವುದೆಂದು ಅದರ ತಾತ್ಪರ್ಯ. ಕನ್ನಡದಲ್ಲಿ ಇದನ್ನು 'ವೈದ್ಯಕೀಯ'ವೆಂದು ಬರೆಯುವ ರೂಢಿಯು ಈ ಅರ್ಥವನ್ನು ಮರೆಸಿಬಿಡುತ್ತದೆ. ಪುಸ್ತಕದಿಂದ ಕಲಿತ ವೈದ್ಯವೂ ವೈದ್ಯಕೀಯವೇ. ಆದರೆ ಅದು ಕ್ಲಿನಿಕಲ್ ಅಲ್ಲ. ಆದುದರಿಂದ ಮುಂದಿನ ವಿಚಾರದಲ್ಲಿ ಈ ಶಿಕ್ಷಣವನ್ನು 'ಗುರುಸಮಕ್ಷ ಚಿಕಿತ್ಸಾಭ್ಯಾಸ' ಎಂದು ಕರೆಯಲಾಗಿದೆ. ಗುರುವಿನ ಕಣ್ಣೆದುರಿನಲ್ಲಿ, ರೋಗಿಯ ಬಳಿಯಲ್ಲಿ, ಚಿಕಿತ್ಸೆಯನ್ನು ಮಾಡಿಯೇ ಕಲಿಯುವುದು ಎಂಬ ಮೂರು ಅಂಶಗಳೂ ಈ ಹೆಸರಿನಲ್ಲಿ ಸೇರಿವೆ.

೨. ಪೂರ್ವಶಾಸನಗಳು

ಇಂಗ್ಲಿಷರ ಆಳ್ವಿಕೆಯಲ್ಲಿ ೧೮೫೮ರಲ್ಲಿ ಮತಿಭ್ರಾಂತರನ್ನು ಕುರಿತು ಕೆಲವು ಕಾನೂನುಗಳು ಹುಟ್ಟಿದುವು. ಅವುಗಳ ಮುಖ್ಯ ಚಿಂತೆ ಎರಡು: ಮತಿಭ್ರಾಂತನ ಆಸ್ತಿಯನ್ನು ನೋಡಿಕೊಳ್ಳುವವರಾರು, ಅವನನ್ನು ಎಲ್ಲಿ ಇರಿಸಬೇಕು. ೧೯೧೨ರ ಭಾರತೀಯ ಮತಿಭ್ರಾಂತರ ಕಾಯಿದೆಯು ಇವುಗಳನ್ನು ಒಂದುಗೂಡಿಸಿತು. ಒಬ್ಬನನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ವೈದ್ಯರ ಪ್ರಮಾಣಪತ್ರ ಬೇಕೆಂದು ಅದು ಹೇಳಿತೇ ಹೊರತು, ಆ ವೈದ್ಯನು ಮನೋರೋಗಗಳಲ್ಲಿ ವಿಶೇಷವಾದ ಶಿಕ್ಷಣವನ್ನು ಪಡೆದಿರಬೇಕೆಂದು ಹೇಳಲಿಲ್ಲ. ರೋಗಿಯನ್ನು ಕಾಪಾಡುವುದಕ್ಕಿಂತ ರೋಗಿಯಿಂದ ಸಮಾಜವನ್ನು ಕಾಪಾಡುವುದೇ ಆ ಕಾಯಿದೆಯ ಜೀವಾಳವಾಗಿತ್ತು. ಕಾವಲಿನ ಕೆಲಸಕ್ಕೆ ಕಾವಲುಗಾರನ ಯೋಗ್ಯತೆ ಸಾಕು. ಚಿಕಿತ್ಸಕನ ಯೋಗ್ಯತೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಸ್ವಾತಂತ್ರ್ಯಾನಂತರ ಈ ಭಾವನೆಯು ಬದಲಾಗುವುದಕ್ಕೆ ಬೆಂಗಳೂರು ಒಂದು ಮುಖ್ಯ ಸ್ಥಾನವಾಯಿತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ೧೯೫೪ರಲ್ಲಿ ಅಖಿಲಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮಾರನೆಯ ವರ್ಷವೇ ಅಲ್ಲಿ ವೈದ್ಯರಿಗೂ ಮನಶ್ಶಾಸ್ತ್ರದ ಪದವೀಧರರಿಗೂ ಡಿಪ್ಲೊಮಾ ಪಾಠಕ್ರಮಗಳು ಆರಂಭವಾದುವು. ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಓದಿದವನು ಆಸ್ಪತ್ರೆಯ ವಾರ್ಡಿನಲ್ಲಿ ಅದನ್ನು ಎರಡನೆಯ ಸಲ ಕಲಿಯತಕ್ಕದ್ದು ಎಂಬ ತತ್ತ್ವಕ್ಕೆ ಈ ದೇಶದಲ್ಲಿ ಅಲ್ಲಿ ಒಂದು ನೆಲೆ ದೊರೆಯಿತು. ೧೯೭೪ರ ಡಿಸೆಂಬರ್ ೨೭ರಂದು ಆ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ಆಯಿತು. ಮನಶ್ಶಾಸ್ತ್ರದವರ ಡಿಪ್ಲೊಮಾ ಕಾಲಕ್ರಮದಲ್ಲಿ ಎಂ.ಫಿಲ್. ಪದವಿಯಾಗಿ ಹೆಸರನ್ನು ಬದಲಾಯಿಸಿಕೊಂಡಿತು. ಹೆಸರು ಬದಲಾದರೂ ಹಾಸಿಗೆಯ ಬಳಿಯ ಅಭ್ಯಾಸವು ಉಳಿಯಿತೆಂಬ ಈ ಸಂಗತಿಯು ಮುಂದಿನ ನಿರ್ಣಯಕ್ಕೆ ಉಪಯುಕ್ತವಾದುದು.

೧೯೮೭ರ ಮಾನಸಿಕ ಆರೋಗ್ಯ ಅಧಿನಿಯಮವು ೧೯೯೩ರ ಏಪ್ರಿಲ್ ೧ರಂದು ಜಾರಿಗೆ ಬಂದು, ೧೯೧೨ರ ಕಾಯಿದೆಯನ್ನು ತೆಗೆದುಹಾಕಿತು. ಅದರಲ್ಲಿ ಮನೋವೈದ್ಯನಿಗೆ ಲಕ್ಷಣವಿತ್ತು. ಮನೋವೈದ್ಯದಲ್ಲಿ ಸ್ನಾತಕೋತ್ತರ ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದ ವೈದ್ಯನು ಮನೋವೈದ್ಯನು. ಅಲ್ಲದೆ, ಜ್ಞಾನಾನುಭವಗಳನ್ನು ನೋಡಿ ರಾಜ್ಯಸರ್ಕಾರವು ಹಾಗೆಂದು ಘೋಷಿಸಿದ ವೈದ್ಯಾಧಿಕಾರಿಯೂ ಮನೋವೈದ್ಯನೇ. ಆದರೆ ಔಷಧವಿಲ್ಲದೆ ಮಾತಿನಿಂದಲೂ ಪರೀಕ್ಷೆಗಳಿಂದಲೂ ಚಿಕಿತ್ಸೆ ನಡೆಸುವ ಮನಶ್ಶಾಸ್ತ್ರಜ್ಞನಿಗೆ ಅಲ್ಲಿ ಲಕ್ಷಣವಿರಲಿಲ್ಲ.

ಆ ಲಕ್ಷಣವು ಬೇರೊಂದು ದಿಕ್ಕಿನಿಂದ ಬಂದಿತು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮವು ಅಂಗವಿಕಲರ ಸೇವೆಗಾಗಿ ಹುಟ್ಟಿದುದು. ಪುನರ್ವಸತಿಯ ವೃತ್ತಿಗಳಲ್ಲಿ ಚಿಕಿತ್ಸಾ ಮನಶ್ಶಾಸ್ತ್ರವನ್ನೂ ಎಣಿಸಿ, ಕೇಂದ್ರ ದಾಖಲೆಯಲ್ಲಿ ಹೆಸರು ಬರೆಯಿಸಿಕೊಳ್ಳದವನು ಈ ವೃತ್ತಿಯನ್ನು ನಡೆಸಕೂಡದೆಂದು ಅದು ನಿಷೇಧಿಸಿತು. ಮೀರಿದವನಿಗೆ ಒಂದು ವರ್ಷದ ವರೆಗಿನ ಸೆರೆವಾಸ, ಅಥವಾ ಸಾವಿರ ರೂಪಾಯಿಗಳ ವರೆಗಿನ ಜುಲ್ಮಾನೆ, ಅಥವಾ ಎರಡೂ ಎಂದು ದಂಡವನ್ನು ಹೇಳಿತು. ಹೀಗೆ ಮನಶ್ಚಿಕಿತ್ಸಕನ ಶಿಕ್ಷಣವನ್ನು ಅಳೆಯುವ ಅಧಿಕಾರವು ವೈದ್ಯಕೀಯ ಪರಿಷತ್ತಿಗೆ ಹೋಗದೆ ಪುನರ್ವಸತಿ ಪರಿಷತ್ತಿಗೆ ಸೇರಿತು.

೩. ೨೦೧೭ರ ಲಕ್ಷಣವಾಕ್ಯ

೨೦೧೭ರ ಅಧಿನಿಯಮಕ್ಕೆ ಆ ವರ್ಷದ ಏಪ್ರಿಲ್ ೭ರಂದು ರಾಷ್ಟ್ರಪತಿಗಳ ಅಂಗೀಕಾರವು ದೊರೆಯಿತು. ೨೦೧೮ರ ಮೇ ೨೯ರಂದು ಅದು ಜಾರಿಗೆ ಬಂದಿತು. ಅದರ ಎರಡನೆಯ ಪ್ರಕರಣದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞನಿಗೆ ಎರಡು ದಾರಿಗಳನ್ನು ಹೇಳಿದೆ. ಮೊದಲನೆಯದು, ಪುನರ್ವಸತಿ ಪರಿಷತ್ತು ಮನ್ನಿಸಿದ ಸಂಸ್ಥೆಯಿಂದ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಮಾನ್ಯವಾದ ಅರ್ಹತೆಯನ್ನು ಪಡೆದಿರುವುದು. ಎರಡನೆಯದು, ಮನಶ್ಶಾಸ್ತ್ರದಲ್ಲಿಯೋ ಅದರ ಚಿಕಿತ್ಸಾಭಾಗ ಅಥವಾ ಪ್ರಯುಕ್ತಭಾಗದಲ್ಲಿಯೋ ಸ್ನಾತಕೋತ್ತರ ಪದವಿಯನ್ನು ಪಡೆದು, ಅದರ ಮೇಲೆ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಅಥವಾ ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರದಲ್ಲಿ ಎಂ.ಫಿಲ್. ಪದವಿಯನ್ನು, ಗುರುಸಮಕ್ಷ ಚಿಕಿತ್ಸಾಭ್ಯಾಸವನ್ನು ಒಳಗೊಂಡ ಎರಡು ವರ್ಷಗಳ ಪೂರ್ಣಾವಧಿಯ ಪಾಠಕ್ರಮವನ್ನು ಮುಗಿಸಿ ಪಡೆದಿರುವುದು. 'ಅಥವಾ ನಿಯಮಗಳಿಂದ ವಿಹಿತವಾಗುವ ಇತರ ಮಾನ್ಯ ಅರ್ಹತೆ'ಯನ್ನು ಹೊಂದಿರುವುದು. 'ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರ'ವೆಂಬ ಹಳೆಯ ಹೆಸರನ್ನು ಶಾಸನವು ಉಳಿಸಿಕೊಂಡಿರುವುದು, ಆಸ್ಪತ್ರೆಗಳಲ್ಲಿ ಬೆಳೆದ ಹಿಂದಿನ ಪಾಠಕ್ರಮಗಳ ಗುರುತು.

ಮನೋವೈದ್ಯಕೀಯ ಸಮಾಜಕಾರ್ಯಕರ್ತನ ಲಕ್ಷಣವೂ ಇದೇ ಅಚ್ಚಿನದು: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎಂ.ಫಿಲ್., ಎರಡು ವರ್ಷ, ಗುರುಸಮಕ್ಷ ಚಿಕಿತ್ಸಾಭ್ಯಾಸ, ಅಥವಾ ವಿಹಿತವಾದ ಇತರ ಅರ್ಹತೆ. ಮನೋವೈದ್ಯನಿಗೂ ಮಾನಸಿಕ ಆರೋಗ್ಯದ ದಾದಿಗೂ ಈ ವಿಶೇಷಣವಿಲ್ಲ. ಅವರವರ ಪದವಿ, ಡಿಪ್ಲೊಮಾಗಳನ್ನು ಮಾತ್ರ ಹೇಳಿದೆ. ಆಯುರ್ವೇದದಲ್ಲಿ 'ಮನೋವಿಜ್ಞಾನ ಮತ್ತು ಮಾನಸರೋಗ'ವೆಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದವರನ್ನೂ, ಹೋಮಿಯೋಪಥಿ, ಯುನಾನಿ, ಸಿದ್ಧವೈದ್ಯಗಳಲ್ಲಿ ತತ್ಸಮಾನವಾದ ಪದವಿಯನ್ನು ಪಡೆದವರನ್ನೂ ಶಾಸನವು ಮಾನಸಿಕ ಆರೋಗ್ಯದ ವೃತ್ತಿಯವರಲ್ಲಿ ಸೇರಿಸಿದೆ, ಅಲ್ಲಿಯೂ ವಿಶೇಷಣವಿಲ್ಲ.

ಈ ಭೇದಕ್ಕೆ ಕಾರಣವು ಸ್ಪಷ್ಟವಾದುದು. ವೈದ್ಯನ ಪದವಿಯೂ ದಾದಿಯ ಪದವಿಯೂ ಆಸ್ಪತ್ರೆಯಲ್ಲಿಯೇ ಬೆಳೆಯತಕ್ಕವು. ರೋಗಿಯನ್ನು ಮುಟ್ಟದೆ ಅವುಗಳನ್ನು ಪಡೆಯುವಂತಿಲ್ಲ. ಮನಶ್ಶಾಸ್ತ್ರದ ಅಥವಾ ಸಮಾಜಕಾರ್ಯದ ಎಂ.ಎ. ಪದವಿಯು ಹಾಗಲ್ಲ. ಉನ್ಮಾದಗ್ರಸ್ತನಾದ ಒಬ್ಬನನ್ನೂ ಕಣ್ಣಿನಿಂದ ನೋಡದೆಯೇ ಅದನ್ನು ಪ್ರಥಮಶ್ರೇಣಿಯಲ್ಲಿ ಪಡೆಯಬಹುದು. ಅನ್ಯಪ್ರಮಾಣದಿಂದ ಪ್ರಾಪ್ತವಾಗಿರುವುದನ್ನು ಶಾಸ್ತ್ರವು ವಿಧಿಸುವುದಿಲ್ಲ, ಅಪ್ರಾಪ್ತವಾದುದನ್ನು ವಿಧಿಸುವುದರಲ್ಲಿಯೇ ಶಾಸ್ತ್ರಕ್ಕೆ ಸಾರ್ಥಕತೆಯೆಂಬುದು ಮೀಮಾಂಸಕರಲ್ಲಿ ಪ್ರಸಿದ್ಧವಾದ ನ್ಯಾಯ. ಎಲ್ಲಿ ಅಭ್ಯಾಸವು ತಾನಾಗಿ ಬರುವುದೋ ಅಲ್ಲಿ ಶಾಸನವು ಮೌನವಾಗಿದೆ. ಎಲ್ಲಿ ಬರದೆ ಹೋಗಬಹುದೋ ಅಲ್ಲಿ ಬಾಯಿಬಿಟ್ಟು ಹೇಳಿದೆ.

ಲಕ್ಷಣವನ್ನು ಹೇಳಿದಮೇಲೆ ಶಾಸನವು ಅಧಿಕಾರವನ್ನು ಕೊಡುವ ಬಗೆಯನ್ನೂ ಎಲ್ಲೆಯನ್ನೂ ಹೇಳುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞ, ದಾದಿ, ಸಮಾಜಕಾರ್ಯಕರ್ತ ಈ ಮೂವರ ಹೆಸರನ್ನೂ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರವು ನೋಂದಾಯಿಸಿ ಪಟ್ಟಿಯನ್ನು ಪ್ರಕಟಿಸತಕ್ಕದ್ದೆಂದು ೫೫ನೆಯ ಪ್ರಕರಣವು ವಿಧಿಸುತ್ತದೆ. ತನ್ನ ವೃತ್ತಿಯ ಕ್ಷೇತ್ರಕ್ಕೆ ಸೇರದ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಯಾರೂ ಹೇಳಕೂಡದೆಂದು ೧೦೬ನೆಯ ಪ್ರಕರಣವು ನಿಷೇಧಿಸುತ್ತದೆ. ಶಾಸನವನ್ನು ಮೊದಲನೆಯ ಸಲ ಮೀರಿದವನಿಗೆ ಆರು ತಿಂಗಳ ವರೆಗಿನ ಸೆರೆವಾಸ, ಅಥವಾ ಹತ್ತು ಸಾವಿರ ರೂಪಾಯಿಗಳ ವರೆಗಿನ ಜುಲ್ಮಾನೆ, ಅಥವಾ ಎರಡೂ. ಮತ್ತೆ ಮೀರಿದರೆ ಎರಡು ವರ್ಷಗಳ ವರೆಗಿನ ಸೆರೆವಾಸ, ಅಥವಾ ಐವತ್ತು ಸಾವಿರಕ್ಕೆ ಕಡಮೆಯಿಲ್ಲದ, ಐದು ಲಕ್ಷದ ವರೆಗಿನ ಜುಲ್ಮಾನೆ, ಅಥವಾ ಎರಡೂ.

೪. ಪ್ರಾಚೀನರ ಮತ

ಚಿಕಿತ್ಸಕನ ಅಧಿಕಾರವನ್ನು ಕುರಿತ ಈ ಚಿಂತೆಯು ಭಾರತಕ್ಕೆ ಹೊರಗಿನಿಂದ ಬಂದುದಲ್ಲ. ಧರ್ಮಶಾಸ್ತ್ರ, ಆಯುರ್ವೇದಗಳೆರಡರಲ್ಲಿಯೂ ಅದು ಇದೆ. ಆದರೆ ಬೇರೆ ಬೇರೆ ರೀತಿಯಲ್ಲಿ.

ಧರ್ಮಶಾಸ್ತ್ರವು ತಪ್ಪು ನಡೆದಮೇಲೆ ದಂಡಿಸುತ್ತದೆ. ಮಿಥ್ಯಾಚಿಕಿತ್ಸೆಯನ್ನು ಮಾಡಿದ ವೈದ್ಯನಿಗೆ ಪಶುಗಳ ವಿಷಯದಲ್ಲಿ ಪ್ರಥಮಸಾಹಸ, ಮನುಷ್ಯರ ವಿಷಯದಲ್ಲಿ ಮಧ್ಯಮಸಾಹಸ, ರಾಜಪುರುಷರ ವಿಷಯದಲ್ಲಿ ಉತ್ತಮಸಾಹಸ ಎಂದು ಯಾಜ್ಞವಲ್ಕ್ಯನು ದಂಡವನ್ನು ಏರಿಸುತ್ತಾನೆ. ಕಲ್ಯಾಣದಲ್ಲಿ ಚಾಳುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇಲ್ಲಿಯ 'ಮಿಥ್ಯಾ' ಎಂಬ ಪದವನ್ನು ವಿವರಿಸುವ ರೀತಿಯು ಗಮನಾರ್ಹವಾದುದು. ಆಯುರ್ವೇದವನ್ನು ತಿಳಿಯದೆಯೇ, ಜೀವನೋಪಾಯಕ್ಕಾಗಿ, ತಾನು ಚಿಕಿತ್ಸೆಯನ್ನು ಬಲ್ಲೆನೆಂದು ಹೇಳಿಕೊಂಡು ನಡೆಸುವುದೇ ಮಿಥ್ಯೆಯೆಂದು ಅವನ ಅಭಿಪ್ರಾಯ. ಬಲ್ಲವನ ಕೈಯಲ್ಲಿ ಚಿಕಿತ್ಸೆಯು ವಿಫಲವಾದರೆ ಅದು ಮಿಥ್ಯೆಯಲ್ಲ. ಅನಧಿಕಾರಿಯು ಅಧಿಕಾರಿಯಂತೆ ವರ್ತಿಸುವುದೇ ಮಿಥ್ಯೆ. ಇಂದಿನ ಶಾಸನದ ತಿರುಳೂ ಇದೇ. ರೋಗಿಯ ಅಂತಸ್ತನ್ನು ನೋಡಿ ದಂಡವನ್ನು ಏರಿಸಿಳಿಸುವ ಕ್ರಮವು ಮಾತ್ರ ಇಂದು ಇಲ್ಲ.

ಆಯುರ್ವೇದವಾದರೋ ತಪ್ಪು ನಡೆಯುವುದಕ್ಕೆ ಮುಂಚೆಯೇ ದಾರಿಯನ್ನು ಕಟ್ಟುತ್ತದೆ. ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಗಳಂತೆ ಅಸಮರ್ಥರೆಂದು ಸುಶ್ರುತನ ಮತ. ಕುವೈದ್ಯನು ಜನರನ್ನು ಕೊಲ್ಲುವುದು ರಾಜನ ದೋಷದಿಂದ ಎಂದೂ ಅವನು ಹೇಳುತ್ತಾನೆ. ವೃತ್ತಿಗೆ ಇಳಿಯುವವನಿಗೆ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಹೇಳಿರುವ ಯೋಗ್ಯತೆಗಳು ಕ್ರಮಬದ್ಧವಾಗಿವೆ: ಶಾಸ್ತ್ರವನ್ನು ಓದಿರಬೇಕು, ಅದರ ಅರ್ಥವನ್ನು ಉಪಾಸಿಸಿರಬೇಕು, ಕರ್ಮವನ್ನು ಕಂಡಿರಬೇಕು, 'ಯೋಗ್ಯಾ'ವನ್ನು ಮಾಡಿರಬೇಕು, ರಾಜನ ಅನುಜ್ಞೆಯನ್ನು ಪಡೆದಿರಬೇಕು. ಇಂದಿನ ಲಕ್ಷಣವಾಕ್ಯವನ್ನು ಇದರ ಪಕ್ಕದಲ್ಲಿ ಇಟ್ಟರೆ, ಮೊದಲ ಎರಡು ಸ್ನಾತಕೋತ್ತರ ಪದವಿಗೂ, ನಡುವಿನ ಎರಡು ಗುರುಸಮಕ್ಷ ಚಿಕಿತ್ಸಾಭ್ಯಾಸಕ್ಕೂ, ಕಡೆಯದು ನೋಂದಣಿಗೂ ಸರಿಹೊಂದುವುದು ಕಂಡುಬರುತ್ತದೆ.

ಯೋಗ್ಯಾ ಎಂದರೆ ಕೈಪಳಗಿಸುವ ಅಭ್ಯಾಸ. ಅದಕ್ಕೆಂದೇ ಸುಶ್ರುತದಲ್ಲಿ ಒಂದು ಅಧ್ಯಾಯವಿದೆ. ಕತ್ತರಿಸುವುದನ್ನು ಕುಂಬಳ, ಸೋರೆ, ಸೌತೆಗಳಂತಹ ಕಾಯಿಗಳ ಮೇಲೂ, ಸೀಳುವುದನ್ನು ನೀರು ಕೆಸರುಗಳನ್ನು ತುಂಬಿದ ತೊಗಲಿನ ಚೀಲಗಳ ಮೇಲೂ, ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುಗಳ ಸಿರೆಗಳ ಮೇಲೂ ನೈದಿಲೆಯ ನಾಳದ ಮೇಲೂ, ಹೊಲಿಯುವುದನ್ನು ಬಟ್ಟೆಯ ಮತ್ತು ಮೆತ್ತನೆಯ ಚರ್ಮದ ಅಂಚುಗಳ ಮೇಲೂ, ಪಟ್ಟಿ ಕಟ್ಟುವುದನ್ನು ಬೊಂಬೆಯ ಅಂಗಾಂಗಗಳ ಮೇಲೂ ಕಲಿಯತಕ್ಕದ್ದೆಂದು ಅಲ್ಲಿ ಹೇಳಿದೆ. ಶಿಷ್ಯನ ತಪ್ಪಿನಿಂದ ಕಾಯಿ ಕೆಟ್ಟರೆ ಕೆಡಲಿ, ಮನುಷ್ಯನು ಕೆಡದಿರಲಿ ಎಂಬುದು ಇದರ ಆಶಯ.

ಇಲ್ಲಿಯೇ ಮನಶ್ಚಿಕಿತ್ಸೆಯ ವೈಲಕ್ಷಣ್ಯವು ಕಾಣುವುದು. ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ವಿಂಗಡಿಸುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವುದೇ ಸತ್ತ್ವಾವಜಯ. ಈ ಚಿಕಿತ್ಸೆಗೆ ಕುಂಬಳಕಾಯಿಯಿಲ್ಲ. ಭಯಗೊಂಡ ಮನಸ್ಸಿಗೆ ಬೊಂಬೆಯನ್ನು ಮಾಡಲಾಗದು; ಸಾಯಬೇಕೆಂದು ನಿಶ್ಚಯಿಸಿದವನೊಡನೆ ಆಡಬೇಕಾದ ಮಾತನ್ನು ನೈದಿಲೆಯ ನಾಳದೊಡನೆ ಆಡಿ ಕಲಿಯಲಾಗದು. ಸಹಪಾಠಿಗಳು ರೋಗಿಯಂತೆ ನಟಿಸಿ ಮಾಡುವ ಅಭ್ಯಾಸವು ಮೊದಲ ಮೆಟ್ಟಿಲಿಗೆ ಉಪಯೋಗವಾದೀತು, ಆದರೆ ನಟನೆಯ ದುಃಖವು ದುಃಖವಲ್ಲ. ಕಡೆಗೆ ಶಿಷ್ಯನು ಜೀವಂತನಾದ ರೋಗಿಯ ಎದುರಿನಲ್ಲಿಯೇ ಕಲಿಯಬೇಕಾಗುತ್ತದೆ. ಹಾಗಿರುವಾಗ ಆ ರೋಗಿಗೆ ರಕ್ಷಣೆಯೇನು? ಶಿಷ್ಯನ ಹಿಂದೆ ನಿಂತಿರುವ ಗುರುವಿನ ಕಣ್ಣೇ ರಕ್ಷಣೆ. ಶಿಷ್ಯನು ಬರೆದುಕೊಂಡ ರೋಗವೃತ್ತಾಂತವನ್ನು ಗುರುವು ತಿದ್ದುವುದು, ಪರೀಕ್ಷೆಯ ಫಲವನ್ನು ಮತ್ತೊಮ್ಮೆ ನೋಡುವುದು, ಆಡಿದ ಮಾತುಗಳನ್ನು ಕೇಳಿ ಎಲ್ಲಿ ಆತುರಪಟ್ಟನು, ಎಲ್ಲಿ ಸುಮ್ಮನಿರಬೇಕಾದಲ್ಲಿ ಉಪದೇಶಕ್ಕೆ ತೊಡಗಿದನು ಎಂದು ತೋರಿಸಿಕೊಡುವುದು, ಇವೆಲ್ಲ ಮೇಲ್ವಿಚಾರಣೆಯೆಂಬ ಒಂದು ಪದದಲ್ಲಿ ಅಡಗಿವೆ. ಆದುದರಿಂದ 'ಮೇಲ್ವಿಚಾರಣೆಗೆ ಒಳಪಟ್ಟ' ಎಂಬುದು ಅಲಂಕಾರವಲ್ಲ. ಅದನ್ನು ತೆಗೆದರೆ ಉಳಿಯುವುದು ರೋಗಿಯ ಮೇಲಿನ ಪ್ರಯೋಗಮಾತ್ರ.

ಇನ್ನೊಂದು ಕಾರಣವೂ ಉಂಟು. ದೇಹದ ಗಾಯವನ್ನು ಕೆಡಿಸಿದ ವೈದ್ಯನ ತಪ್ಪು ಕಲೆಯಾಗಿ ಉಳಿದು ಸಾಕ್ಷಿ ಹೇಳುತ್ತದೆ. ಮನಸ್ಸನ್ನು ಕೆಡಿಸಿದವನ ತಪ್ಪಿಗೆ ಅಂತಹ ಕಲೆಯಿಲ್ಲ. ಸಾಕ್ಷಿ ಹೇಳಬೇಕಾದ ಮನಸ್ಸೇ ಅಲ್ಲಿ ರೋಗಗ್ರಸ್ತವಾದುದು. ಅದರ ಮಾತನ್ನು ನಂಬುವವರು ಕಡಮೆ. ತಪ್ಪಾದಮೇಲೆ ದಂಡಿಸುವ ಯಾಜ್ಞವಲ್ಕ್ಯನ ಮಾರ್ಗವೊಂದೇ ಇಲ್ಲಿ ಸಾಲದು. ತಪ್ಪಾಗುವುದಕ್ಕೆ ಮುಂಚೆ ಯೋಗ್ಯತೆಯನ್ನು ಕೇಳುವ ಸುಶ್ರುತನ ಮಾರ್ಗವೇ ಇಲ್ಲಿ ಮುಖ್ಯವಾದುದು.

೫. ಸಂಶಯ ಮತ್ತು ಪೂರ್ವಪಕ್ಷ

ಈಗ ಸಂಶಯದ ಸ್ಥಾನ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಎಂ.ಫಿಲ್. ಪದವಿಯನ್ನು ನಿಲ್ಲಿಸಬೇಕೆಂದು ಹೇಳಿತು. ಅದರಂತೆ ೨೦೨೨ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪಿಎಚ್.ಡಿ. ಪದವಿಯನ್ನು ಕುರಿತು ಹೊರಡಿಸಿದ ವಿನಿಯಮಗಳಲ್ಲಿ, ಉನ್ನತ ಶಿಕ್ಷಣಸಂಸ್ಥೆಗಳು ಇನ್ನು ಮುಂದೆ ಎಂ.ಫಿಲ್. ಪಾಠಕ್ರಮವನ್ನು ನಡೆಸತಕ್ಕದ್ದಲ್ಲವೆಂದು ವಿಧಿಸಿತು. ಹಿಂದೆ ಪಡೆದ ಪದವಿಗಳಿಗೆ ಇದರಿಂದ ಬಾಧೆಯಿಲ್ಲ. ಸಂಶೋಧನೆಯ ಮೆಟ್ಟಿಲಾಗಿದ್ದ ಇತರ ಎಂ.ಫಿಲ್.ಗಳಿಗೂ ವೃತ್ತಿಯ ಬಾಗಿಲಾಗಿದ್ದ ಈ ಎರಡಕ್ಕೂ ಇರುವ ಭೇದವು ಬೇಗನೆ ಅರಿವಿಗೆ ಬಂದಿತು. ೨೦೨೪ರ ಜನವರಿಯಲ್ಲಿ ಆಯೋಗವು ಚಿಕಿತ್ಸಾ ಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ ಎಂಬ ಎರಡು ಎಂ.ಫಿಲ್.ಗಳಿಗೆ ಮಾತ್ರ ೨೦೨೫–೨೬ರ ಶೈಕ್ಷಣಿಕ ವರ್ಷದ ವರೆಗೆ ಅವಕಾಶವನ್ನು ಕೊಟ್ಟಿತು. ಒಂದು ಶಾಸನವು ಬೇಕೆಂದುದನ್ನು ಇನ್ನೊಂದು ವಿಧಿಯು ಬೇಡವೆಂದುದರಿಂದ ಈ ಸಂಧಿಕಾಲವು ಒದಗಿತು. ಪದವಿಯು ಹೋದಮೇಲೆ, ಅದಕ್ಕೆ ಅಂಟಿಕೊಂಡಿದ್ದ ಗುರುಸಮಕ್ಷ ಚಿಕಿತ್ಸಾಭ್ಯಾಸದ ವಿಧಿಯು ಉಳಿಯುವುದೋ ಹೋಗುವುದೋ ಎಂಬುದೇ ಸಂಶಯ.

ಹೋಗುವುದೆಂಬ ಪೂರ್ವಪಕ್ಷಕ್ಕೆ ಮೂರು ಯುಕ್ತಿಗಳಿವೆ. ಮೊದಲನೆಯದು: ವಾಕ್ಯದಲ್ಲಿ ವಿಧೇಯವಾದುದು ಎಂ.ಫಿಲ್. ಪದವಿ. ಅಭ್ಯಾಸವನ್ನು ಒಳಗೊಂಡಿರುವುದು ಆ ಪದವಿಯ ಸ್ವಭಾವವೇ ಆದುದರಿಂದ ವಿಶೇಷಣವು ಅನುವಾದಮಾತ್ರ. ವಿಶೇಷ್ಯವು ಹೋದರೆ ವಿಶೇಷಣಕ್ಕೆ ನೆಲೆಯಿಲ್ಲ. ಎರಡನೆಯದು: 'ಅಥವಾ ನಿಯಮಗಳಿಂದ ವಿಹಿತವಾಗುವ ಇತರ ಮಾನ್ಯ ಅರ್ಹತೆ' ಎಂಬಲ್ಲಿ ವಿಶೇಷಣವನ್ನು ಮತ್ತೆ ಹೇಳಿಲ್ಲ. ವ್ಯಾಕರಣದ ದೃಷ್ಟಿಯಿಂದ ಅದು ಎರಡು ವರ್ಷದ ಪಾಠಕ್ರಮವೆಂಬ ಪದಕ್ಕೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಸರ್ಕಾರವು ಅಭ್ಯಾಸವಿಲ್ಲದ ಅರ್ಹತೆಯನ್ನೂ ವಿಹಿತವೆಂದು ಹೇಳಬಹುದು. ಮೂರನೆಯದು: ಚಿಕಿತ್ಸಕರ ಅಭಾವವು ಘೋರವಾಗಿದೆ. ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ವಯಸ್ಕರಲ್ಲಿ ಶೇಕಡ ೧೦.೬ರಷ್ಟು ಮಂದಿ ಯಾವುದಾದರೂ ಒಂದು ಮಾನಸಿಕ ರೋಗದಿಂದ ಬಳಲುತ್ತಿದ್ದರೆಂದೂ, ರೋಗಭೇದಕ್ಕನುಸಾರವಾಗಿ ಶೇಕಡ ೭೦ರಿಂದ ೯೨ರಷ್ಟು ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲವೆಂದೂ ತೋರಿಸಿತು. ನಿತ್ಯಕರ್ಮವನ್ನು ಯಥಾಶಕ್ತಿಯಾಗಿ ಮಾಡಬಹುದೆಂದು ಮೀಮಾಂಸೆಯೇ ಒಪ್ಪಿರುವಾಗ, ಇಲ್ಲಿಯೂ ಕೆಲವು ಅಂಗಗಳನ್ನು ಬಿಟ್ಟರೆ ದೋಷವೇನು?

೬. ಸಿದ್ಧಾಂತ

ಶಾಸನವಾಕ್ಯಗಳಿಗೆ ಮೀಮಾಂಸಾನ್ಯಾಯಗಳನ್ನು ಅನ್ವಯಿಸುವುದು ಹೊಸ ಸಾಹಸವಲ್ಲ. ೧೯೦೫ರ ಟಾಗೋರ್ ನ್ಯಾಯಶಾಸ್ತ್ರೋಪನ್ಯಾಸಗಳಲ್ಲಿ ಕಿಶೋರಿಲಾಲ ಸರಕಾರರು ಈ ವಿಷಯವನ್ನೇ ವಿಸ್ತಾರವಾಗಿ ನಿರೂಪಿಸಿದರು. ಆ ದಾರಿಯಲ್ಲಿ ಪೂರ್ವಪಕ್ಷವನ್ನು ಪರೀಕ್ಷಿಸಬಹುದು.

ವಿಶೇಷಣವು ಅನುವಾದವೆಂಬುದು ಸರಿಯಲ್ಲ. ಎಂ.ಫಿಲ್. ಎಂಬ ಪದವಿಗೆ ಅಭ್ಯಾಸವು ಸ್ವಭಾವವಾಗಿರಲಿಲ್ಲ. ಇತಿಹಾಸದಲ್ಲಿಯೂ ಸಾಹಿತ್ಯದಲ್ಲಿಯೂ ಎಂ.ಫಿಲ್. ಪದವಿಯಿತ್ತು, ಅಲ್ಲಿ ಹಾಸಿಗೆಯೂ ಇರಲಿಲ್ಲ, ರೋಗಿಯೂ ಇರಲಿಲ್ಲ. ಆದುದರಿಂದ ಅಭ್ಯಾಸವು ಇಲ್ಲಿ ಅಪ್ರಾಪ್ತವಾದುದು, ವಿಧೇಯವೇ ಆದುದು. ಪದವಿಯ ಹೆಸರು ಅಭ್ಯಾಸವನ್ನು ಹೊತ್ತ ಪಾತ್ರೆ. ಬೆಂಗಳೂರಿನಲ್ಲಿ ಡಿಪ್ಲೊಮಾವೆಂಬ ಪಾತ್ರೆಯು ಹೋಗಿ ಎಂ.ಫಿಲ್. ಎಂಬ ಪಾತ್ರೆಯು ಬಂದಾಗ ಒಳಗಿನ ದ್ರವ್ಯವು ಕೆಡದೆ ಉಳಿದುದನ್ನು ಹಿಂದೆಯೇ ಹೇಳಿದೆ.

ಎರಡನೆಯ ಯುಕ್ತಿಗೆ ಅನುಷಂಗನ್ಯಾಯವು ಉತ್ತರ. ಒಂದು ಕಡೆ ಪಠಿತವಾದ ಪದಸಮುದಾಯವನ್ನು ಸಮಾನವಾದ ಆಕಾಂಕ್ಷೆಯುಳ್ಳ ಇತರ ವಾಕ್ಯಗಳಿಗೂ ಕೊಂಡೊಯ್ಯಬೇಕೆಂದು ಜೈಮಿನಿಯ ಎರಡನೆಯ ಅಧ್ಯಾಯದಲ್ಲಿ ನಿರ್ಣಯವಿದೆ. ಅಸಂಬದ್ಧವಾದುದು ನಡುವೆ ಬಂದರೆ ಮಾತ್ರ ಅನುಷಂಗವಿಲ್ಲ. ಇಲ್ಲಿ 'ಅಥವಾ' ಎಂಬುದು ಅಸಂಬದ್ಧವಾದುದನ್ನು ತರುವುದಿಲ್ಲ. ಒಂದೇ ಹೆಸರಿಗೆ, ಒಂದೇ ಅಧಿಕಾರಕ್ಕೆ ಇನ್ನೊಂದು ದಾರಿಯನ್ನು ತರುತ್ತದೆ. ಎರಡು ದಾರಿಗಳಲ್ಲಿ ಬಂದವರೂ ಒಂದೇ ಪಟ್ಟಿಯಲ್ಲಿ ಬರೆಯಲ್ಪಟ್ಟು ಒಂದೇ ರೋಗಿಯ ಎದುರಿನಲ್ಲಿ ಕುಳಿತುಕೊಳ್ಳತಕ್ಕವರಾದುದರಿಂದ ಆಕಾಂಕ್ಷೆಯು ತುಲ್ಯವಾದುದು. ಒಂದು ದಾರಿಯವನಿಗೆ ಎರಡು ವರ್ಷಗಳ ಅಭ್ಯಾಸ, ಇನ್ನೊಂದು ದಾರಿಯವನಿಗೆ ಏನೂ ಇಲ್ಲ ಎಂದರೆ ಲಕ್ಷಣವೇ ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ.

ಆದರೂ ನ್ಯಾಯದ ಬಲವೊಂದನ್ನೇ ನಂಬಿರುವುದು ವಿವೇಕವಲ್ಲ. ಒಂದು ಅಧಿನಿಯಮವು ರದ್ದಾಗಿ ಅದರ ವಿಧಿಗಳು ಇನ್ನೊಂದರಲ್ಲಿ ಪುನರ್ವಿಧಿತವಾದರೆ, ಹಳೆಯದರ ಉಲ್ಲೇಖಗಳನ್ನು ಹೊಸದರ ಉಲ್ಲೇಖಗಳೆಂದು ಓದಬೇಕೆಂದು ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮದ ಎಂಟನೆಯ ಪ್ರಕರಣವು ಹೇಳುತ್ತದೆ. ೨೦೨೦ರ ಸೆಪ್ಟೆಂಬರ್ ೨೫ರಂದು ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬಂದಂತಹ ಸಂದರ್ಭಗಳಿಗೆ ಇಂತಹ ಸೇತುವೆಗಳು ಒದಗುತ್ತವೆ. ಎಂ.ಫಿಲ್. ವಿಷಯದಲ್ಲಿ ರದ್ದಾದುದು ಅಧಿನಿಯಮವಲ್ಲ, ಒಂದು ಪದವಿ. ಅದಕ್ಕೆ ಈ ಸೇತುವೆಯಿಲ್ಲ. ಸೇತುವೆಯನ್ನು ನಿಯಮಗಳಿಂದಲೇ ಕಟ್ಟಬೇಕು. ಹೊಸ ಅರ್ಹತೆಯನ್ನು ವಿಹಿತವೆಂದು ಹೇಳುವ ನಿಯಮದಲ್ಲಿ ಗುರುಸಮಕ್ಷ ಚಿಕಿತ್ಸಾಭ್ಯಾಸವನ್ನು ಕಂಠೋಕ್ತವಾಗಿ ಹೇಳಿದರೆ ಮಾತ್ರ ವಿವಾದಕ್ಕೆ ಎಡೆಯಿರುವುದಿಲ್ಲ.

ಮೂರನೆಯ ಯುಕ್ತಿಯು ಕರುಣೆಯಿಂದ ಹುಟ್ಟಿದುದರಿಂದ ಅದಕ್ಕೆ ಗೌರವವು ಸಲ್ಲಬೇಕು. ಆದರೆ ಯಥಾಶಕ್ತಿನ್ಯಾಯವು ಅಂಗಗಳನ್ನು ಬಿಡಲು ಅನುಮತಿಸುವುದೇ ಹೊರತು ಪ್ರಧಾನವನ್ನಲ್ಲ. ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿವಿಚಾರವು ಬರುತ್ತದೆ. ವ್ರೀಹಿಯು ದೊರೆಯದಿದ್ದರೆ ಅದಕ್ಕೆ ಸದೃಶವಾದ ನೀವಾರವನ್ನು ಬಳಸಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ದೇವತೆಗೂ ಅಗ್ನಿಗೂ ಮಂತ್ರಕ್ಕೂ ಕ್ರಿಯೆಗೂ ಪ್ರತಿನಿಧಿಯಿಲ್ಲ. ಈ ವಿವೇಕವನ್ನು ಪ್ರಕೃತದಲ್ಲಿ ಇಟ್ಟು ನೋಡಿದರೆ, ಎಂ.ಫಿಲ್. ಎಂಬುದು ವ್ರೀಹಿಯ ಸ್ಥಾನದಲ್ಲಿದೆ. ಅದಕ್ಕೆ ಸದೃಶವಾದ ಇನ್ನೊಂದು ಪದವಿಯು ನೀವಾರವಾಗಬಹುದು. ಗುರುವಿನ ಎದುರಿನಲ್ಲಿ ರೋಗಿಯೊಡನೆ ನಡೆಸುವ ಅಭ್ಯಾಸವು ಕ್ರಿಯೆಯ ಸ್ಥಾನದಲ್ಲಿದೆ. ಅದಕ್ಕೆ ಉಪನ್ಯಾಸವಾಗಲಿ ಪ್ರಬಂಧವಾಗಲಿ ಪರೀಕ್ಷೆಯ ಅಂಕಗಳಾಗಲಿ ಪ್ರತಿನಿಧಿಯಾಗಲಾರವು. ಕಾಲಾವಧಿಯನ್ನು ಕುರಿತು ಬೇಕಾದರೆ ಚರ್ಚೆಯಿರಲಿ. ಕ್ರಿಯೆಯನ್ನು ಕುರಿತು ಚರ್ಚೆಗೆ ಅವಕಾಶವಿಲ್ಲ.

೭. ಅಭಾವಕ್ಕೆ ಪರಿಹಾರ

ಹಾಗಾದರೆ ಚಿಕಿತ್ಸೆಯಿಲ್ಲದೆ ಉಳಿದವರ ಗತಿಯೇನು ಎಂಬ ಪ್ರಶ್ನೆಯು ಉಳಿಯುತ್ತದೆ. ಅಧಿಕಾರವನ್ನು ಸಡಿಲಿಸುವುದು ಪರಿಹಾರವಲ್ಲ. ಅಧಿಕಾರಭೇದವೇ ಪರಿಹಾರವೆಂದು ೨೦೧೭ರ ಶಾಸನದಿಂದಲೇ ತಿಳಿಯುತ್ತದೆ. ಅದರ ೩೧ನೆಯ ಪ್ರಕರಣವು ಸರ್ಕಾರೀ ಆಸ್ಪತ್ರೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ಇರುವ ವೈದ್ಯಾಧಿಕಾರಿಗಳಿಗೆಲ್ಲ ಮೂಲಭೂತವಾದ ಮತ್ತು ತುರ್ತಿನ ಮಾನಸಿಕ ಚಿಕಿತ್ಸೆಯಲ್ಲಿ ಶಿಕ್ಷಣ ಕೊಡಬೇಕೆಂದು ಸರ್ಕಾರಕ್ಕೆ ವಿಧಿಸುತ್ತದೆ. ಜನಸಂಖ್ಯೆಗೆ ತಕ್ಕಷ್ಟು ವೃತ್ತಿಯವರನ್ನು, ಅಂತರರಾಷ್ಟ್ರೀಯವಾಗಿ ಒಪ್ಪಿದ ಪ್ರಮಾಣದಂತೆ, ಹತ್ತು ವರ್ಷಗಳೊಳಗೆ ಒದಗಿಸುವುದಕ್ಕೆ ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಶಾಸನವು ೨೦೧೮ರಲ್ಲಿ ಜಾರಿಗೆ ಬಂದುದರಿಂದ ಆ ಗಡುವು ೨೦೨೮ಕ್ಕೆ ಮುಗಿಯುವುದು. ಗುರುಗಳು ಹೆಚ್ಚದೆ ಶಿಷ್ಯರು ಹೆಚ್ಚುವುದು ಸಾಧ್ಯವಿಲ್ಲ. ಮೇಲ್ವಿಚಾರಕನೊಬ್ಬನು ಇಷ್ಟೇ ಮಂದಿ ಶಿಷ್ಯರನ್ನು ನೋಡಿಕೊಳ್ಳಬಲ್ಲನು. ಆದುದರಿಂದ ಹೆಚ್ಚಿಸಬೇಕಾದುದು ಮುಖ್ಯವಾಗಿ ಕಲಿಸುವ ಆಸ್ಪತ್ರೆಗಳನ್ನು, ಕಲಿಸುವವರನ್ನು.

ಇನ್ನು, ಆಪ್ತಸಮಾಲೋಚಕರೆಂಬ ಒಂದು ದೊಡ್ಡ ಸಮುದಾಯವಿದೆ. ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಜನರು ಮೊದಲು ಭೇಟಿಮಾಡುವುದು ಅನೇಕವೇಳೆ ಇವರನ್ನೇ. ೨೦೧೭ರ ಶಾಸನದಲ್ಲಿ ಇವರಿಗೆ ಲಕ್ಷಣವಿಲ್ಲ. ೨೦೨೧ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಆಯೋಗದ ಅಧಿನಿಯಮವು ತನ್ನ ಅನುಸೂಚಿಯಲ್ಲಿ ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ಸಮಾಜಕಾರ್ಯಕರ್ತರು ಮೊದಲಾದವರನ್ನು ಒಂದು ವರ್ಗವಾಗಿ ಸೇರಿಸಿಕೊಂಡಿತು. ಆರೋಗ್ಯರಕ್ಷಣಾ ವೃತ್ತಿಯವನ ಪದವಿಗೆ ಮೂರರಿಂದ ಆರು ವರ್ಷಗಳಲ್ಲಿ ಹಂಚಿದ ೩,೬೦೦ ಗಂಟೆಗಳಿಗೆ ಕಡಮೆಯಿಲ್ಲದ ಶಿಕ್ಷಣವೂ, ಸಹವರ್ತಿ ವೃತ್ತಿಯವನಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ೨,೦೦೦ ಗಂಟೆಗಳಿಗೆ ಕಡಮೆಯಿಲ್ಲದ ಶಿಕ್ಷಣವೂ ಅಗತ್ಯವೆಂದು ಅಲ್ಲಿ ಹೇಳಿದೆ. ಇಲ್ಲಿ ಅಳತೆಯು ಗಂಟೆಗಳಲ್ಲಿದೆ. ಗಂಟೆಯನ್ನು ಎಣಿಸುವುದು ಸುಲಭ, ಮತ್ತು ಅಳತೆಯಿಲ್ಲದಿರುವುದಕ್ಕಿಂತ ಅಳತೆಯಿರುವುದು ಮೇಲು. ಆದರೆ ಆ ಗಂಟೆಗಳಲ್ಲಿ ಎಷ್ಟು ಉಪನ್ಯಾಸದವು, ಎಷ್ಟು ರೋಗಿಯ ಬಳಿಯವು, ಎಷ್ಟು ಗುರುವಿನ ಎದುರಿನವು ಎಂಬ ವಿಭಾಗವನ್ನು ಪಾಠಕ್ರಮಗಳು ಹೇಳಿದಲ್ಲದೆ, ಸಂಖ್ಯೆಯಿಂದ ಯೋಗ್ಯತೆಯು ಸಿದ್ಧಿಸುವುದಿಲ್ಲ.

೮. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಸಿದ್ಧವಾಗುವುದಿಷ್ಟು. ಮನೋರೋಗಿಯ ರಕ್ಷಣೆಗಾಗಿ ಭಾರತದ ಶಾಸನವು ೧೮೫೮ರಿಂದ ೨೦೧೭ರ ವರೆಗೆ ಬಹುದೂರವನ್ನು ಕ್ರಮಿಸಿತು. ಆಸ್ತಿಯ ಚಿಂತೆಯಿಂದ ಕಾವಲಿಗೂ, ಕಾವಲಿನಿಂದ ಚಿಕಿತ್ಸೆಗೂ, ಚಿಕಿತ್ಸೆಯಿಂದ ಚಿಕಿತ್ಸಕನ ಯೋಗ್ಯತೆಗೂ ಅದು ಬಂದಿತು. ಆ ಪಯಣದ ಫಲವು ಎರಡು ಲಕ್ಷಣವಾಕ್ಯಗಳಲ್ಲಿರುವ ಒಂದು ಸಣ್ಣ ವಿಶೇಷಣದಲ್ಲಿ ನಿಂತಿದೆ. ಪದವಿಗಳು ಹುಟ್ಟುತ್ತವೆ, ಹೆಸರು ಬದಲಾಯಿಸಿಕೊಳ್ಳುತ್ತವೆ, ನಿಲ್ಲುತ್ತವೆ. ನಿಯಮಗಳನ್ನು ಬರೆಯುವವರು ಹೊಸ ಹೆಸರನ್ನು ಇಡುವಾಗ ಹಳೆಯ ವಿಶೇಷಣವನ್ನು ಬಿಡದಿರುವುದು ಮುಖ್ಯ. ಶಾಸನಗಳನ್ನು ಕನ್ನಡಕ್ಕೆ ತರುವವರೂ 'ಕ್ಲಿನಿಕಲ್' ಎಂಬುದನ್ನು ಬರಿಯ 'ವೈದ್ಯಕೀಯ'ವೆಂದು ಬರೆದು ಹಾಸಿಗೆಯನ್ನೂ ರೋಗಿಯನ್ನೂ ವಾಕ್ಯದಿಂದ ಹೊರಗೆ ಹಾಕದಿರಬೇಕು. ಒಂದು ರೆಕ್ಕೆಯ ಹಕ್ಕಿಗೆ ಯಾವ ಹೆಸರಿಟ್ಟರೂ ಅದು ಹಾರುವುದಿಲ್ಲ.